ಉಕ್ಕಿನ ಜೋಡಣೆ: ರಿವೆಟು, ಬೆಸುಗೆ, ಬೋಲ್ಟು

ಆಂಸ್ಟರ್‌ಡ್ಯಾಮಿನ ದಕ್ಷಿಣಕ್ಕೆ, ವರ್ತುಲ ಹೆದ್ದಾರಿಯ ಎರಡು ಮಗ್ಗುಲಿಗೂ ಹಬ್ಬಿರುವ ಜೈಡಾಸ್ ಬಡಾವಣೆ ನಮ್ಮ ವಾಚಕರಲ್ಲಿ ಹಲವರಿಗೆ ಪರಿಚಿತ. ಅಲ್ಲಿನ ಗಗನಚುಂಬಿಗಳನ್ನು ಕುರಿತು ಬರೆದವರು ಬಹಳ ಮಂದಿ ಇದ್ದಾರೆ. ನಾವು ಇಲ್ಲಿ ಹೇಳಹೊರಟಿರುವುದು ಈಗ ಅಲ್ಲಿಲ್ಲದ ಒಂದು ಕಟ್ಟಡದ ವಿಷಯ.

ಪಾರ್ನಾಸುಸ್‌ವೆಗ್ ರಸ್ತೆಯಲ್ಲಿ ನಗರದ ನ್ಯಾಯಾಲಯಕ್ಕೆ ಹೊಸ ಕಟ್ಟಡ ಕಟ್ಟುವಷ್ಟು ಕಾಲ ಕಲಾಪಗಳು ನಡೆಯಲೆಂದು 2016ರಲ್ಲಿ ಒಂದು ತಾತ್ಕಾಲಿಕ ನ್ಯಾಯಾಲಯ ಎದ್ದಿತು. ಸೆಪೆಝೆಡ್ ಎಂಬ ವಾಸ್ತುಶಿಲ್ಪ ಸಂಸ್ಥೆ ಅದನ್ನು ರೂಪಿಸಿತು. 2021ರಲ್ಲಿ ಹೊಸ ನ್ಯಾಯಾಲಯ ಸಿದ್ಧವಾಯಿತು. ಆಗ ಹಳೆಯದನ್ನು ಕೆಡವಲಿಲ್ಲ, ಬಿಚ್ಚಿದರು. ಕಂಬ, ತೊಲೆ, ನೆಲದ ಕಾಂಕ್ರೀಟ್ ಹಲಗೆಗಳನ್ನು ಸುಮಾರು 150 ಕಿಲೋಮೀಟರ್ ದೂರದ ಎನ್‌ಸ್ಖೆಡೆ ನಗರಕ್ಕೆ ಸಾಗಿಸಿ, ಅಲ್ಲಿ ಕಚೇರಿ ಕಟ್ಟಡವಾಗಿ ಮತ್ತೆ ಜೋಡಿಸಿದರು. ಇದು ಸಾಧ್ಯವಾದದ್ದು ಅದರ ಕೀಲುಗಳಿಂದ. ಉಕ್ಕನ್ನು ಉಕ್ಕಿಗೆ ಕೂಡಿಸುವ ವಿದ್ಯೆ ಇಲ್ಲಿಗೆ ಬಂದು ಮುಟ್ಟಲು ನೂರೈವತ್ತು ವರ್ಷಗಳ ಹಾದಿ ನಡೆದಿದೆ. ಆ ಹಾದಿಯಲ್ಲಿ ಅವಘಡಗಳೂ ಕಡಿಮೆಯಿಲ್ಲ.

ಹತ್ತೊಂಬತ್ತನೆಯ ಶತಮಾನ ರಿವೆಟಿನ ಕಾಲ. 1889ರ ಐಫೆಲ್ ಗೋಪುರದಲ್ಲಿ ಸುಮಾರು 25 ಲಕ್ಷ ರಿವೆಟುಗಳಿವೆ. ಕೆಂಪಗೆ ಕಾಯಿಸಿದ ಮೊಳೆಯನ್ನು ರಂಧ್ರದಲ್ಲಿ ತೂರಿಸಿ ಇನ್ನೊಂದು ತುದಿಯನ್ನು ತಲೆಯಾಗಿ ಬಡಿಯುತ್ತಾರೆ. ಆರುವಾಗ ಅದು ಕುಗ್ಗಿ ತಗಡುಗಳನ್ನು ಅಮುಕಿ ಹಿಡಿಯುತ್ತದೆ. ನಮ್ಮ ಊರುಗಳ ಕಮ್ಮಾರ ಎತ್ತಿನಗಾಡಿಯ ಚಕ್ರಕ್ಕೆ ಕಾದ ಕಬ್ಬಿಣದ ಪಟ್ಟಿಯನ್ನು ತೊಡಿಸಿ ನೀರೆರೆದಾಗ ನಡೆಯುವುದೂ ಇದೇ ತತ್ತ್ವವೇ. ಆದರೆ ರಿವೆಟಿಗೆ ಕುಲುಮೆ ಬೇಕು, ನುರಿತ ಆಳುಗಳ ತಂಡ ಬೇಕು. ರಂಧ್ರ ಕೊರೆದಷ್ಟೂ ತಗಡಿನ ಬಲ ಕಡಿಮೆಯಾಗುತ್ತದೆ.

ಈ ಕೊರತೆಗಳನ್ನು ನೀಗಲು ಬಂದದ್ದು ವಿದ್ಯುತ್ ಬೆಸುಗೆ. ಸ್ವೀಡನ್ನಿನ ಆಸ್ಕರ್ ಷೆಲ್‌ಬೆರಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಸುಗೆಯ ಕಡ್ಡಿಗೆ ಲೇಪ ಹಚ್ಚುವ ಉಪಾಯ ಕಂಡುಹಿಡಿದನು. ಲೇಪ ಉರಿದು ಅನಿಲವಾಗಿ, ಕಿಟ್ಟವಾಗಿ ಕರಗಿದ ಉಕ್ಕನ್ನು ಮುಚ್ಚುತ್ತದೆ. ಗಾಳಿಯ ಆಮ್ಲಜನಕ ಮತ್ತು ಸಾರಜನಕ ಒಳಹೋಗದಂತೆ ತಡೆಯುತ್ತದೆ. ತೂಕ ಕಡಿಮೆ, ಸದ್ದು ಕಡಿಮೆ, ಜೋಡಿಸಿದ ಎರಡು ತುಂಡು ಒಂದೇ ದೇಹ. 1930ರ ದಶಕದ ಎಂಜಿನಿಯರುಗಳು ಇದಕ್ಕೆ ಮಾರುಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಪೆಟ್ಟು ಬಿದ್ದದ್ದು ನೆರೆಯ ಬೆಲ್ಜಿಯಮ್ಮಿನಲ್ಲಿ. ಹಾಸೆಲ್ಟ್ ಊರಿನಲ್ಲಿ ಆಲ್ಬರ್ಟ್ ಕಾಲುವೆಯ ಮೇಲೆ ಕಟ್ಟಿದ್ದ, ಪೂರ್ತಿ ಬೆಸುಗೆಯ ಸೇತುವೆ 1938ರ ಮಾರ್ಚ್ 14ರಂದು ದೊಡ್ಡ ಸದ್ದಿನೊಡನೆ ಬಿರಿದು, ಕೆಲವೇ ನಿಮಿಷಗಳಲ್ಲಿ ನೀರಿಗೆ ಬಿದ್ದಿತು. 1940ರ ಜನವರಿಯ ಚಳಿಯಲ್ಲಿ ಅದೇ ದೇಶದ ಇನ್ನೂ ಎರಡು ಸೇತುವೆಗಳು ಬಿರುಕುಬಿಟ್ಟವು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ತರಾತುರಿಯಿಂದ ಬೆಸೆದು ನೀರಿಗಿಳಿಸಿದ ಹಡಗುಗಳಿಗೂ ಇದೇ ಗತಿಯಾಯಿತು. 1943ರ ಜನವರಿ 16ರಂದು ‘ಸ್ಕೆನೆಕ್ಟಡಿ’ ಎಂಬ ತೈಲವಾಹಕ ಹಡಗು, ಬಿರುಗಾಳಿಯಿಲ್ಲ, ಅಲೆಯಿಲ್ಲ, ಬಂದರಿನಲ್ಲಿ ಸುಮ್ಮನೆ ನಿಂತಿದ್ದಾಗಲೇ ನಡುವಿನಲ್ಲಿ ಸೀಳಿಹೋಯಿತು.

ಕೇಂಬ್ರಿಜ್‌ನ ಕಾನ್‌ಸ್ಟನ್ಸ್ ಟಿಪ್ಪರ್ ಎಂಬ ವಿದುಷಿ ಇಂಥ ಹಡಗುಗಳ ಉಕ್ಕನ್ನು ಪರೀಕ್ಷಿಸಿ ಗುಟ್ಟು ಬಿಡಿಸಿದರು. ಕೆಲವು ಬಗೆಯ ಉಕ್ಕು ಒಂದು ತಾಪಮಾನಕ್ಕಿಂತ ಕೆಳಗಿಳಿದರೆ ಗಾಜಿನಂತೆ ಬಿರಿಯುತ್ತದೆ. ರಿವೆಟಿನ ಹಡಗಿನಲ್ಲಿ ಬಿರುಕು ಒಂದು ತಗಡಿನ ಅಂಚಿಗೆ ಬಂದು ನಿಲ್ಲಬಹುದು. ಬೆಸೆದ ಹಡಗಿನಲ್ಲಿ ಅಂಚೆಂಬುದೇ ಇಲ್ಲ, ಬಿರುಕಿಗೆ ರಾಜಮಾರ್ಗ. ಸಾಲದೆಂಬಂತೆ, ಆರುವಾಗ ಕುಗ್ಗಲಾಗದ ಬೆಸುಗೆ ತನ್ನೊಳಗೆ ಬಿಗಿತವನ್ನು ಉಳಿಸಿಕೊಳ್ಳುತ್ತದೆ.

ರಸಾಯನಶಾಸ್ತ್ರದವರಾದ ನಮಗೆ ಇಲ್ಲಿ ಇನ್ನೊಂದು ಸ್ವಾರಸ್ಯ ಕಾಣುತ್ತದೆ. ಉಕ್ಕಿನಲ್ಲಿ ಇಂಗಾಲ ಹೆಚ್ಚಿದ್ದರೆ ಬೆಸುಗೆಯ ಪಕ್ಕದ ಭಾಗ ಬೇಗ ಆರಿ ಪೆಡಸಾಗುತ್ತದೆ. ಕಡ್ಡಿಯ ಲೇಪದಲ್ಲಿ ತೇವವಿದ್ದರೆ ನೀರು ಒಡೆದು ಜಲಜನಕ ಉಕ್ಕಿನೊಳಕ್ಕೆ ಸೇರುತ್ತದೆ. ಬಿರುಕು ಕಾಣಿಸಿಕೊಳ್ಳುವುದು ಗಂಟೆಗಳ, ಕೆಲವೊಮ್ಮೆ ದಿನಗಳ ನಂತರ. ಇಂದಿನ ಬೆಸುಗೆಗಾರ ಕಡ್ಡಿಗಳನ್ನು ಒಲೆಯಲ್ಲಿ ಒಣಗಿಸಿ ಬಳಸುವುದಕ್ಕೂ, ದಪ್ಪ ಉಕ್ಕನ್ನು ಮೊದಲೇ ಬೆಚ್ಚಗೆ ಮಾಡುವುದಕ್ಕೂ ಇದೇ ಕಾರಣ. ಕಾರ್ಖಾನೆಯ ಸೂರಿನಡಿ ಇದೆಲ್ಲ ಸುಲಭ. ಮಳೆ ಗಾಳಿಗಳ ನಡುವೆ, ಏಣಿಯ ಮೇಲೆ ಕಷ್ಟ.

ಆದ್ದರಿಂದಲೇ ಬೋಲ್ಟಿಗೆ ಮತ್ತೆ ಮಾನ್ಯತೆ ಬಂದಿತು. ಅಮೆರಿಕದಲ್ಲಿ 1947ರಲ್ಲಿ ಇದಕ್ಕೆಂದೇ ಸಂಶೋಧನಾ ಮಂಡಲಿಯೊಂದು ಹುಟ್ಟಿತು. ಬಲಿಷ್ಠ ಬೋಲ್ಟುಗಳ ಮೊದಲ ನಿಯಮಾವಳಿ ಹೊರಬಿದ್ದದ್ದು 1951ರಲ್ಲಿ. ಸಾಮಾನ್ಯ ಬೋಲ್ಟು ಗೂಟದಂತೆ ಅಡ್ಡ ನಿಂತು ಹೊರೆ ಹೊರುತ್ತದೆ. ಎಳೆದು ಬಿಗಿದ ಬೋಲ್ಟಿನ ಕೆಲಸ ಬೇರೆ. 20 ಮಿಲಿಮೀಟರ್ ದಪ್ಪದ, 8.8 ದರ್ಜೆಯ ಒಂದು ಬೋಲ್ಟನ್ನು ನಿಯಮದಂತೆ ಬಿಗಿದರೆ ಅದು ತಗಡುಗಳನ್ನು ಸುಮಾರು 14 ಟನ್ ಭಾರದಷ್ಟು ಬಲದಿಂದ ಅಮುಕುತ್ತದೆ. ಹೊರೆಯನ್ನು ತಡೆಯುವುದು ಆ ತಗಡುಗಳ ನಡುವಿನ ಘರ್ಷಣೆ. ಹಾಗಾಗಿ ಮುಟ್ಟುವ ಮೈಗಳು ಒರಟಾಗಿರಬೇಕು. ಅಲ್ಲಿ ಎಣ್ಣೆಯೋ ನುಣುಪಾದ ಬಣ್ಣವೋ ಇದ್ದರೆ ಲೆಕ್ಕವೆಲ್ಲ ತಲೆಕೆಳಗು. ದರ್ಜೆಯ ಅಂಕಿಯೂ ಅರ್ಥವತ್ತಾದುದೇ: ಮೊದಲ 8 ಎಂದರೆ ಚದರ ಮಿಲಿಮೀಟರಿಗೆ 800 ನ್ಯೂಟನ್ ಬಲಕ್ಕೆ ಹರಿಯುವುದೆಂದೂ, ಎರಡನೆಯದು ಅದರ ಹತ್ತರಲ್ಲಿ ಎಂಟು ಪಾಲಿಗೆ ಶಾಶ್ವತವಾಗಿ ಹಿಗ್ಗತೊಡಗುವುದೆಂದೂ ತಿಳಿಯಬೇಕು.

ಹೀಗೆ ಒಂದು ಶ್ರಮವಿಭಾಗ ಏರ್ಪಟ್ಟಿತು: ಕಾರ್ಖಾನೆಯಲ್ಲಿ ಬೆಸುಗೆ, ಕಟ್ಟಡದ ನಿವೇಶನದಲ್ಲಿ ಬೋಲ್ಟು. ಜೈಡಾಸಿನ ತಾತ್ಕಾಲಿಕ ನ್ಯಾಯಾಲಯ ಇದರ ಮೇಲೆ ಒಂದು ಹೆಜ್ಜೆ ಇಟ್ಟಿತು. ಸಾಮಾನ್ಯವಾಗಿ ನೆಲದ ಟೊಳ್ಳು ಹಲಗೆಗಳ ಸಂದಿಗೆ, ಮೇಲ್ಮೈಗೆ ಕಾಂಕ್ರೀಟು ಸುರಿದು ಎಲ್ಲವನ್ನೂ ಒಂದಾಗಿಸುತ್ತಾರೆ. ಮುಂದೆ ಬಿಡಿಸಬೇಕೆಂದರೆ ಒಡೆಯದೆ ಗತಿಯಿಲ್ಲ. ಇಲ್ಲಿ ಹಲಗೆಗಳನ್ನು ಉಕ್ಕಿನ ತೊಲೆಗೆ ಬಿಚ್ಚಬಹುದಾದ ಕೀಲುಗಳಿಂದ ಹಿಡಿಸಿದ್ದರು.

ಬಿಚ್ಚಬಹುದಾದ ಕೀಲಿಗೆ ಇನ್ನೊಂದು ಗುಣವಿದೆ: ಹಳತಾದ ಭಾಗವನ್ನು ಮಾತ್ರ ತೆಗೆದು ಹೊಸದು ಹಾಕಬಹುದು. ಇದರ ಬೆಲೆ ಏನೆಂದು ನಮ್ಮ ನಾಡು 2024ರಲ್ಲಿ ಕಂಡಿತು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿಯ ಕೊಂಡಿ ಕಡಿದು, ಗೇಟೇ ಕೊಚ್ಚಿಹೋಯಿತು. ಸುಮಾರು 70 ವರ್ಷ ದುಡಿದ ಗೇಟು ಅದು. ಜಲಾಶಯ ತುಂಬಿತ್ತು, ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲೆಗಳ ರೈತರ ಬೆಳೆ ಆ ನೀರನ್ನೇ ನಂಬಿತ್ತು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಉಕ್ಕಿನ ತಡೆಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಒಂದು ವಾರದೊಳಗೆ ಬಾಯಿ ಮುಚ್ಚಿದರು. ಆ ವೇಳೆಗೆ ಹತ್ತಾರು ಟಿಎಂಸಿ ನೀರು ನದಿಯ ಪಾಲಾಗಿತ್ತು. ಬಳಿಕ 33 ಗೇಟುಗಳನ್ನೂ ಬದಲಿಸುವ ನಿರ್ಧಾರವಾಯಿತು.

ಅಷ್ಟು ದೊಡ್ಡ ಅಣೆಕಟ್ಟಿನಲ್ಲಿ ಕಲ್ಲು ಕದಲಲಿಲ್ಲ, ಗಾರೆ ಬಿರಿಯಲಿಲ್ಲ. ಕೈಕೊಟ್ಟದ್ದು ಒಂದು ಕೊಂಡಿ. ಬೆಸುಗೆ ಮೇಲೋ ಬೋಲ್ಟು ಮೇಲೋ ಎಂಬ ವಾದ ಅಷ್ಟೇನೂ ಮುಖ್ಯವಲ್ಲವೆಂದು ನಮ್ಮ ಅಭಿಪ್ರಾಯ. ಆ ಕೀಲಿನ ಬಳಿಗೆ ಕಣ್ಣು ಹೋಗುತ್ತದೆಯೇ, ಕೈ ಹೋಗುತ್ತದೆಯೇ, ಸವೆದಾಗ ಬದಲಿಸಲು ದಾರಿಯಿದೆಯೇ ಎಂದು ಕಟ್ಟುವ ದಿನವೇ ಕೇಳಬೇಕು. ಜೈಡಾಸಿನಲ್ಲಿ ಹಾಗೆ ಕೇಳಿದ್ದರು. ಆದ್ದರಿಂದಲೇ ಆ ಕಟ್ಟಡ ಇಂದು ಎನ್‌ಸ್ಖೆಡೆಯಲ್ಲಿ ಎರಡನೆಯ ಆಯುಷ್ಯ ಕಳೆಯುತ್ತಿದೆ.