ಸಿಗೋರ್ನಿ ವೀವರ್: ವಿಜ್ಞಾನ ಕಥಾಚಿತ್ರಗಳ ಹಿರಿಯ ನಟಿ

ವಿಜ್ಞಾನ ಕಥಾಚಿತ್ರಗಳಲ್ಲಿ ಯಂತ್ರಗಳಿಗೆ ಮಾತ್ರ ಪ್ರಾಶಸ್ತ್ಯ, ಅಭಿನಯಕ್ಕೆ ಎಡೆಯಿಲ್ಲ ಎಂಬ ಅಭಿಪ್ರಾಯ ಬಹುಕಾಲ ಪ್ರಚಲಿತವಾಗಿತ್ತು. ಅದನ್ನು ಅಭಿನಯದಿಂದಲೇ ಅಲ್ಲಗಳೆದವರಲ್ಲಿ ಅಮೆರಿಕದ ನಟಿ ಸಿಗೋರ್ನಿ ವೀವರ್ ಅವರನ್ನು ನಾವು ಮೊದಲ ಸಾಲಿನಲ್ಲಿ ಎಣಿಸುತ್ತೇವೆ.

1949ರ ಅಕ್ಟೋಬರ್ 8ರಂದು ನ್ಯೂಯಾರ್ಕಿನಲ್ಲಿ ಜನಿಸಿದ ಇವರ ಮೂಲ ಹೆಸರು ಸೂಸನ್ ಅಲೆಕ್ಸಾಂಡ್ರಾ ವೀವರ್. ತಂದೆ ಎನ್‌ಬಿಸಿ ಪ್ರಸಾರ ಸಂಸ್ಥೆಯ ಅಧ್ಯಕ್ಷರಾಗಿದ್ದವರು. ತಾಯಿ ಬ್ರಿಟಿಷ್ ನಟಿ. ಹದಿಹರೆಯದಲ್ಲಿ 'ದ ಗ್ರೇಟ್ ಗ್ಯಾಟ್ಸ್‌ಬಿ' ಕಾದಂಬರಿಯಲ್ಲಿ ಕಂಡ 'ಸಿಗೋರ್ನಿ' ಎಂಬ ಹೆಸರನ್ನು ಇವರು ತಮ್ಮದಾಗಿಸಿಕೊಂಡರು. ಸ್ಟ್ಯಾನ್‌ಫರ್ಡ್‌ನಲ್ಲಿ ಇಂಗ್ಲಿಷ್ ಸಾಹಿತ್ಯವನ್ನೂ ಯೇಲ್‌ನಲ್ಲಿ ನಾಟಕಕಲೆಯನ್ನೂ ಅಭ್ಯಸಿಸಿದರು.

1979ರಲ್ಲಿ ರಿಡ್ಲಿ ಸ್ಕಾಟ್ ನಿರ್ದೇಶಿಸಿದ 'ಏಲಿಯನ್' ಇವರಿಗೆ ಖ್ಯಾತಿ ತಂದಿತು. ಅದರ ಮೂಲ ಚಿತ್ರಕಥೆಯಲ್ಲಿ ಪಾತ್ರಗಳನ್ನು ಸ್ತ್ರೀಯರಾಗಲಿ ಪುರುಷರಾಗಲಿ ವಹಿಸಬಹುದೆಂದಿತ್ತು. ಹೀಗಾಗಿ ವೀವರ್ ಅವರ ಪಾಲಿಗೆ ಬಂದ ರಿಪ್ಲಿ, ನಾಯಕನ ನೆರಳಲ್ಲಿ ನಿಲ್ಲುವ ಹೆಣ್ಣಲ್ಲ, ಕರ್ತವ್ಯನಿಷ್ಠ ನೌಕಾಧಿಕಾರಿ. ಅನ್ಯಜೀವಿ ಅಂಟಿಕೊಂಡ ಸಹೋದ್ಯೋಗಿಯನ್ನು ನಿಯಮ ಮೀರಿ ನೌಕೆಯೊಳಗೆ ಬಿಡಲು ಆಕೆ ನಿರಾಕರಿಸುತ್ತಾಳೆ. ಆಕೆಯ ಮಾತನ್ನು ಮೀರಿದ್ದೇ ಅನರ್ಥಕ್ಕೆ ಮೂಲವಾಗುತ್ತದೆ.

1986ರಲ್ಲಿ ಜೇಮ್ಸ್ ಕ್ಯಾಮರೂನ್ ನಿರ್ದೇಶಿಸಿದ 'ಏಲಿಯನ್ಸ್'ನಲ್ಲಿ ಅದೇ ರಿಪ್ಲಿ ಅನಾಥ ಬಾಲೆಯೊಬ್ಬಳಿಗೆ ತಾಯಿಯಾಗುತ್ತಾಳೆ. ಶೌರ್ಯವೂ ವಾತ್ಸಲ್ಯವೂ ಬೆರೆತ ಈ ಅಭಿನಯ ಶ್ರೇಷ್ಠ ನಟಿಯ ಆಸ್ಕರ್ ನಾಮನಿರ್ದೇಶನ ಪಡೆಯಿತು. ಈ ಪ್ರಕಾರದ ಚಿತ್ರಕ್ಕೆ ಅದು ವಿರಳ ಮನ್ನಣೆ. 1992 ಮತ್ತು 1997ರಲ್ಲಿ ಸರಣಿಯ ಇನ್ನೆರಡು ಚಿತ್ರಗಳು ಬಂದವು.

ಇವರ ಪ್ರತಿಭೆ ಒಂದೇ ಪ್ರಕಾರಕ್ಕೆ ಸೀಮಿತವಾಗಲಿಲ್ಲ. 1988ರ 'ಗೊರಿಲ್ಲಾಸ್ ಇನ್ ದ ಮಿಸ್ಟ್'ನಲ್ಲಿ ಗೊರಿಲ್ಲಾಗಳ ಅಧ್ಯಯನಕ್ಕೆ ಬಾಳನ್ನೇ ಮುಡಿಪಿಟ್ಟ ಡಯಾನ್ ಫಾಸ್ಸಿಯಾಗಿ, 'ವರ್ಕಿಂಗ್ ಗರ್ಲ್'ನಲ್ಲಿ ಕುಟಿಲ ಮೇಲಧಿಕಾರಿಣಿಯಾಗಿ ನಟಿಸಿದ್ದಕ್ಕೆ ಒಂದೇ ವರ್ಷ ಎರಡು ಗೋಲ್ಡನ್ ಗ್ಲೋಬ್ ಪ್ರಶಸ್ತಿಗಳು ಸಂದವು. 1999ರ 'ಗ್ಯಾಲಕ್ಸಿ ಕ್ವೆಸ್ಟ್'ನಲ್ಲಿ ಗಣಕಯಂತ್ರದ ಮಾತನ್ನು ಪುನರುಚ್ಚರಿಸುವುದಷ್ಟೇ ಕೆಲಸವಾದ ಧಾರಾವಾಹಿ ನಟಿಯಾಗಿ, ತಮಗೆ ಹೆಸರು ತಂದ ಪ್ರಕಾರವನ್ನೇ ಹಾಸ್ಯಕ್ಕೆ ವಸ್ತುವಾಗಿಸಿದರು.

2009ರ 'ಅವತಾರ್'ನಲ್ಲಿ ಸಸ್ಯವಿಜ್ಞಾನಿಯಾಗಿದ್ದ ವೀವರ್, 2022ರ ಎರಡನೆಯ ಭಾಗದಲ್ಲಿ ಹದಿಹರೆಯದ ಬಾಲೆ ಕಿರಿಯಾದರು. ಎಪ್ಪತ್ತು ದಾಟಿದ ನಟಿಗೆ ಇಂಥ ಪಾತ್ರ ಸಾಧ್ಯವಾದದ್ದು ಚಲನೆಯನ್ನು ಸೆರೆಹಿಡಿಯುವ ತಂತ್ರದಿಂದ. ಆದರೆ ಆ ಪಾತ್ರಕ್ಕೆ ಜೀವ ತುಂಬಿದ್ದು ಅಭಿನಯ.

ಮೂರು ಬಾರಿ ನಾಮನಿರ್ದೇಶನಗೊಂಡರೂ ಆಸ್ಕರ್ ಒಲಿಯಲಿಲ್ಲ. 2024ರಲ್ಲಿ ವೆನಿಸ್ ಚಿತ್ರೋತ್ಸವ ಜೀವಮಾನ ಸಾಧನೆಗಾಗಿ ಸ್ವರ್ಣಸಿಂಹವನ್ನಿತ್ತು ಗೌರವಿಸಿತು. ಇಂದು ಬೆಳ್ಳಿತೆರೆಯಲ್ಲಿ ಹೆಣ್ಣೊಬ್ಬಳು ಅಂತರಿಕ್ಷನೌಕೆಯ ಹೊಣೆ ಹೊತ್ತರೆ ನಮಗೆ ಅಚ್ಚರಿಯಾಗುವುದಿಲ್ಲ. ಆ ದಾರಿಯನ್ನು ಸುಗಮಗೊಳಿಸಿದವರಲ್ಲಿ ರಿಪ್ಲಿಯೂ ಒಬ್ಬಳು.