ಹೊತ್ತು ಮೀರಿದ ಊಟ

ಲಾರಿ ಡ್ರೈವರುಗಳ ಆರೋಗ್ಯದ ಬಗ್ಗೆ ಬರುವ ಕರಪತ್ರಗಳಲ್ಲಿ ಮೊದಲ ಸಲಹೆ ಬಹುಮಟ್ಟಿಗೆ ಒಂದೇ: ಹೊತ್ತಿಗೆ ಸರಿಯಾಗಿ ಊಟ ಮಾಡಿ. ಎಣ್ಣೆ ಇಳಿಸಿ, ಉಪ್ಪು ಇಳಿಸಿ, ತರಕಾರಿ ತಿನ್ನಿ ಎಂಬುದೆಲ್ಲ ಆಮೇಲೆ. ಅನುವಾದವನ್ನೇ ನೆಚ್ಚಿಕೊಂಡಿರುವ ನನ್ನ ಮೇಜಿನ ಮೇಲೂ ಇಂಥವು ಆಗಾಗ ಬಂದು ಬೀಳುತ್ತವೆ. ಆ ಸಲಹೆಯನ್ನು ಕನ್ನಡಕ್ಕೆ ತರಲು ಅರ್ಧ ನಿಮಿಷ ಸಾಕು. ಆದರೆ ಡ್ರೈವರಿನ ಹೊತ್ತು ಡ್ರೈವರಿನ ಕೈಯಲ್ಲಿ ಇದೆಯೇ ಎಂಬ ಪ್ರಶ್ನೆ ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಕನ್ನಡದಲ್ಲಿ ನಾವು ಊಟವನ್ನು ಹೊತ್ತಿನಿಂದಲೇ ಎಣಿಸುತ್ತೇವೆ. ಮೂರು ಹೊತ್ತಿನ ಊಟ, ಒಪ್ಪೊತ್ತು, ಹೊತ್ತಿನ ಕೂಳು. ಈ ಹೊತ್ತು ಹಳಗನ್ನಡದ ‘ಪೊೞ್ತು’ವಿನಿಂದ ಬಂದದ್ದು. ಹೊರೆಯನ್ನು ಹೊತ್ತು ನಡೆದ ಎನ್ನುವಾಗಿನ ‘ಹೊತ್ತು’ ಬೇರೆ ಧಾತುವಿನದು, ಒಲೆ ಹೊತ್ತಿತು ಎನ್ನುವಾಗಿನದು ಮತ್ತೊಂದು. ಮೂರೂ ಬೇರೆ ಬೇರೆ ದಾರಿಯಲ್ಲಿ ಬಂದು ಇಂದು ಒಂದೇ ಉಚ್ಚಾರದಲ್ಲಿ ನಿಂತಿವೆ. ಹೊರೆ, ವೇಳೆ, ಒಲೆ: ಸರಕು ಸಾಗಿಸುವವನ ಬದುಕಿನ ಲೆಕ್ಕವೂ ಈ ಮೂರರದ್ದೇ. ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬೈಗಳ ರಸ್ತೆಗಳಲ್ಲಿ ಈ ಲೆಕ್ಕ ಹೇಗೆ ಬದಲಾಗುತ್ತ ಬಂತು ಎಂದು ನೋಡಿದರೆ ಡ್ರೈವರಿನ ತಟ್ಟೆ ಯಾಕೆ ಹೀಗಿದೆ ಎಂಬುದು ತಿಳಿಯುತ್ತದೆ.

ಎತ್ತು ಮೆಲುಕು ಹಾಕುವಾಗ

ಕಲ್ಯಾಣ ಹಳೆಯ ಬಂದರು. ಸುಮಾರು 2,000 ವರ್ಷಗಳ ಹಿಂದಿನ ಗ್ರೀಕ್ ನಾವಿಕರ ಕೈಪಿಡಿ ‘ಪೆರಿಪ್ಲಸ್’ನಲ್ಲಿ ಇದರ ಹೆಸರು ‘ಕಲ್ಲಿಯೇನ’ ಎಂದಿದೆ. ಇಲ್ಲಿ ಇಳಿದ ಸರಕು ನಾಣೇಘಾಟ್ ಹತ್ತಿ ಜುನ್ನರಿಗೆ, ಅಲ್ಲಿಂದ ದಖ್ಖನಿಗೆ ಹೋಗುತ್ತಿತ್ತು. ಆ ಘಟ್ಟದ ತಲೆಯಲ್ಲಿ ಶಾತವಾಹನ ರಾಣಿ ನಾಗನಿಕೆಯ ಶಾಸನವಿದೆ. ಪಕ್ಕದಲ್ಲಿ ದೊಡ್ಡದೊಂದು ಕಲ್ಲಿನ ಕೊಡವಿದೆ. ಸುಂಕ ಹಾಕಿಸಿಕೊಳ್ಳುತ್ತಿದ್ದುದು ಅದರಲ್ಲೇ ಎಂದು ಜನ ಹೇಳುತ್ತಾರೆ.

ಇಂಥ ದಾರಿಗಳಲ್ಲಿ ಶತಮಾನಗಳ ಕಾಲ ಹೊರೆ ಸಾಗಿಸಿದವರು ಲಂಬಾಣಿಗಳು. 17ನೇ ಶತಮಾನದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲುಗಳನ್ನು ಕಂಡದ್ದಾಗಿ ಬರೆದಿದ್ದಾನೆ. ಧಾನ್ಯ, ಅಕ್ಕಿ, ಬೇಳೆ, ಉಪ್ಪು ಹೀಗೆ ಒಂದೊಂದು ಪಂಗಡಕ್ಕೆ ಒಂದೊಂದು ಸರಕು. ಅವರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡೇ ತಿರುಗುತ್ತಿದ್ದರು, ಡೇರೆಯೇ ಅವರ ಮನೆ ಎಂದೂ ಹೇಳುತ್ತಾನೆ. ಶ್ರೀರಂಗಪಟ್ಟಣದ ಯುದ್ಧಗಳಲ್ಲಿ ಕಂಪನಿಯ ಸೇನೆಗೆ ಧಾನ್ಯ ಮುಟ್ಟಿಸಿದವರೂ ಇವರೇ.

ಈ ಪಯಣದಲ್ಲಿ ಊಟದ ವೇಳೆಯನ್ನು ನಿರ್ಧರಿಸುತ್ತಿದ್ದದ್ದು ಮನುಷ್ಯನಲ್ಲ, ಎತ್ತು. ಎತ್ತು ಮೇಯಬೇಕು, ನೀರು ಕುಡಿಯಬೇಕು, ಕೂತು ಮೆಲುಕು ಹಾಕಬೇಕು. ಅದನ್ನು ಅವಸರಪಡಿಸಿದರೆ ಹೊರೆ ಮುಂದೆ ಹೋಗುವುದಿಲ್ಲ. ಹೀಗಾಗಿ ದಿನಕ್ಕೆ ಕೆಲವೇ ಮೈಲಿ ನಡಿಗೆ, ನೆರಳು ನೀರು ಇರುವಲ್ಲಿ ಬಿಡಾರ, ಮೂರು ಕಲ್ಲಿನ ಒಲೆ. ಸರಕಿನ ಒಡೆಯನಿಗೆ ಎಷ್ಟೇ ಆತುರವಿದ್ದರೂ ಎತ್ತಿನ ಹೊಟ್ಟೆಯ ಮುಂದೆ ಅದು ನಡೆಯುತ್ತಿರಲಿಲ್ಲ. ಕನ್ನಡ ನಾಡಿನ ಶಾಸನಗಳಲ್ಲಿ ಬರುವ ಅರವಟ್ಟಿಗೆ, ಸತ್ರ, ಕೆರೆ ಬಾವಿಗಳ ದಾನಗಳು ಈ ನಿಲುಗಡೆಗಳನ್ನು ನೆಚ್ಚಿಯೇ ಹುಟ್ಟಿದವು.

1830ರಲ್ಲಿ ಬೋರ್ ಘಾಟಿನ ಗಾಡಿರಸ್ತೆ ತೆರೆಯಿತು. 1853ರಲ್ಲಿ ರೈಲು ಬೋರಿ ಬಂದರಿನಿಂದ ಠಾಣೆಗೆ, ಮರುವರ್ಷ ಕಲ್ಯಾಣಕ್ಕೆ ಬಂತು. 1863ರಲ್ಲಿ ಅದು ಬೋರ್ ಘಾಟ್ ಹತ್ತಿತು. ಎತ್ತಿನ ಹೇರಿನ ಕಾಲ ಮುಗಿಯಿತು.

ಪಂಪ್ ಸ್ಟವ್ ಮತ್ತು ಕ್ಲೀನರ್

ಸ್ವಾತಂತ್ರ್ಯದ ನಂತರ ಹೊರೆ ಮತ್ತೆ ರಸ್ತೆಗೆ ಇಳಿಯಿತು. ಜಮ್ಶೆಡ್‌ಪುರದಲ್ಲಿ ಟಾಟಾ–ಮರ್ಸಿಡಿಸ್ ಬೆಂಜ್ ಲಾರಿಗಳು ತಯಾರಾಗತೊಡಗಿದ್ದು 1954ರಲ್ಲಿ. 1962ರಲ್ಲಿ ಹುಟ್ಟಿದ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ, ಆಮೇಲೆ ಠಾಣೆ–ಬೇಲಾಪುರ ರಸ್ತೆಯ ಉದ್ದಕ್ಕೂ, ಡೊಂಬಿವಲಿಯಲ್ಲಿ, ತಳೋಜದಲ್ಲಿ ಕಾರ್ಖಾನೆಗಳಿಗೆ ಜಾಗ ಕೊಟ್ಟಿತು. 1980–90ರ ದಶಕಗಳಲ್ಲಿ ಮುಂಬೈನ ಸಗಟು ಮಾರುಕಟ್ಟೆಗಳು ಒಂದೊಂದಾಗಿ ವಾಶಿ–ತುರ್ಭೆಗೆ ಬಂದವು. 1989ರಲ್ಲಿ ನ್ಹಾವಾ ಶೇವಾದಲ್ಲಿ ಹೊಸ ಬಂದರು ಶುರುವಾಯಿತು. ಗದಗಿನಲ್ಲಿ ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಲಾರಿಯಿಂದ ಸಾರಿಗೆ ಕಟ್ಟಿದ್ದು ಈ ಕಾಲದಲ್ಲೇ. ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಕೊಲ್ಹಾಪುರ–ಪುಣೆ ದಾರಿಯಲ್ಲಿ, ವಿಜಯಪುರ, ಕಲಬುರಗಿ ಕಡೆಯಿಂದ ಸೊಲ್ಲಾಪುರದ ದಾರಿಯಲ್ಲಿ ನಮ್ಮವರ ಗಾಡಿಗಳು ಪನವೇಲಿಗೆ ಇಳಿಯತೊಡಗಿದವು.

ಆ ಲಾರಿಗಳಿಗೂ ಒಂದು ಹೊಟ್ಟೆ ಇತ್ತೆನ್ನಿ. ಖಂಡಾಳದ ಏರಿನಲ್ಲಿ, ಕಸಾರಾದ ಏರಿನಲ್ಲಿ ರೇಡಿಯೇಟರ್ ಕುದಿಯುತ್ತಿತ್ತು. ನಿಲ್ಲಿಸಿ ನೀರು ಹಾಕಬೇಕು, ಎಂಜಿನ್ ತಣಿಯಬೇಕು. ಆ ಹೊತ್ತಿಗೆ ಕ್ಲೀನರ್ ಟೂಲ್ ಬಾಕ್ಸಿನಿಂದ ಸೀಮೆಎಣ್ಣೆಯ ಪಂಪ್ ಸ್ಟವ್ ತೆಗೆದು ಗಾಳಿಗೆ ಮರೆಯಾಗಿ ಚಕ್ರದ ಪಕ್ಕ ಇಡುತ್ತಿದ್ದ. ಸ್ಟಾಕ್‌ಹೋಮಿನಲ್ಲಿ 1892ರಲ್ಲಿ ಹುಟ್ಟಿದ ಪ್ರೈಮಸ್ ಸ್ಟವ್ವಿನ ವಂಶದ್ದು ಅದು. ಅನ್ನ, ಬೇಳೆ, ಎರಡು ಈರುಳ್ಳಿ, ಒಂದಿಷ್ಟು ಖಾರ.

‘ಕ್ಲೀನರ್’ ಎಂಬ ಹೆಸರು ಅವನ ಕೆಲಸದ ಕಾಲುಭಾಗವನ್ನೂ ಹೇಳುವುದಿಲ್ಲ. ಮರಾಠಿ ಡ್ರೈವರುಗಳ ಬಾಯಲ್ಲಿ ಅವನು ‘ಕಿನ್ನರ್’. ಟೈರು ಬಡಿದು ನೋಡುವುದು, ಹಗ್ಗ ಬಿಗಿಯುವುದು, ಹಿಂದಕ್ಕೆ ತೆಗೆಯುವಾಗ ಕೂಗುವುದು, ರಾತ್ರಿ ಸರಕಿಗೆ ಕಾವಲು, ಇವೆಲ್ಲದರ ಜೊತೆ ಅಡುಗೆ. ಲಂಬಾಣಿಗಳ ಸಾಲಿನಲ್ಲಿ ಹೆಂಗಸರು ಮಾಡುತ್ತಿದ್ದುದನ್ನು ಲಾರಿಯಲ್ಲಿ ಈ ಹುಡುಗ ಮಾಡುತ್ತಿದ್ದ, ಬೈಗುಳವನ್ನೂ ತಿಂದುಕೊಂಡು. ಇಬ್ಬರ ದುಡಿಮೆಯೂ ಯಾರ ಲೆಕ್ಕದ ಪುಸ್ತಕಕ್ಕೂ ಬರಲಿಲ್ಲ.

ನಾಕಾದಲ್ಲಿ ನಿಂತ ಹೊತ್ತು

ಊಟಕ್ಕೆ ಒದಗುತ್ತಿದ್ದ ಇನ್ನೊಂದು ಹೊತ್ತು ಜಕಾತಿ ನಾಕಾದ್ದು. ಮುಂಬೈ ಪಾಲಿಕೆಯ ನಾಕಾಗಳು ಠಾಣೆಯ ಗಡಿಯ ಮುಲುಂಡ್, ಐರೋಲಿ, ವಾಶಿಗಳಲ್ಲಿ ಇದ್ದವು. ಕಾಗದಪತ್ರ ಮುಗಿಯುವವರೆಗೆ ಗಾಡಿ ಬದಿಗೆ ನಿಲ್ಲಬೇಕು. ಜಕಾತಿ ವ್ಯವಸ್ಥೆ ಒಳ್ಳೆಯದಿತ್ತು ಎಂದು ಯಾರೂ ಹೇಳಲಾರರು. ಲಂಚ, ಜಗಳ, ವ್ಯರ್ಥ ಕಾಯುವಿಕೆ ಎಲ್ಲವೂ ಅಲ್ಲಿದ್ದವು. ಆದರೆ ಎಂಜಿನ್ ಆರಿಸಿ, ಗಾಡಿ ಒಂದೆಡೆ ನಿಂತಿರುವ ಹೊತ್ತು ಅದು. ಸ್ಟವ್ ಹಚ್ಚಬಹುದಿತ್ತು.

ಒಂದೊಂದೇ ನಿಲುಗಡೆ ಹೋಯಿತು. 2002ರಲ್ಲಿ ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಪೂರ್ತಿ ತೆರೆಯಿತು. ಬೇಕೆಂದಲ್ಲಿ ಬದಿಗೆ ನಿಲ್ಲಿಸುವಂತಿಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಮುಂಬೈನ ಜಕಾತಿ ಹೋಯಿತು. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾಗಿ ಟೋಲಿನ ಸಾಲೂ ಚಿಕ್ಕದಾಯಿತು. ಹೊಸ ಎಂಜಿನ್‌ಗಳು ಘಾಟಿನಲ್ಲಿ ಕುದಿಯುವುದಿಲ್ಲ. ಇವೆಲ್ಲ ಒಳ್ಳೆಯದೇ. ಆದರೆ ಉಳಿದ ಗಂಟೆಗಳು ಯಾರಿಗೆ ಸೇರಿದವು? ಸರಕು ಕಳಿಸುವವನು ತಲುಪುವ ಗಡುವನ್ನು ಮುಂದಕ್ಕೆಳೆದ, ಮಾಲೀಕ ತಿಂಗಳಿಗೆ ಒಂದು ಟ್ರಿಪ್ ಹೆಚ್ಚು ಕೇಳಿದ.

ಜನವೂ ಕಡಿಮೆಯಾದರು. ರಾಷ್ಟ್ರೀಯ ಪರ್ಮಿಟ್ಟಿನ ಲಾರಿಗೆ ಇಬ್ಬರು ಡ್ರೈವರು ಇರಬೇಕೆಂಬ ನಿಯಮವನ್ನು 2018ರಲ್ಲಿ ಕೈಬಿಡಲಾಯಿತು. ಸಂಬಳ ಉಳಿಸಲು ಕ್ಲೀನರನ್ನೂ ಬಿಟ್ಟ ಗಾಡಿಗಳು ಈಗ ಸಾಕಷ್ಟಿವೆ. ಒಬ್ಬನೇ ಓಡಿಸುತ್ತಾನೆ, ಒಬ್ಬನೇ ಕಾಯುತ್ತಾನೆ. ವಿಚಿತ್ರವೆಂದರೆ, 2020ರ ಏಪ್ರಿಲ್‌ನಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಿದ್ದಾಗ ಕೇಂದ್ರ ಗೃಹ ಇಲಾಖೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಲಾರಿಗೆ ಇಬ್ಬರು ಡ್ರೈವರು ಮತ್ತು ಒಬ್ಬ ಸಹಾಯಕ ಎಂದು ಅನುಮತಿ ಇತ್ತು. ಹೆದ್ದಾರಿಯ ಡಾಬಾಗಳನ್ನು ತೆರೆಯಲೂ ಬಿಟ್ಟಿತ್ತು. ಸರಕು ತಲುಪಬೇಕಾದರೆ ಎಷ್ಟು ಜನ ಬೇಕು, ಅವರು ಎಲ್ಲಿ ಉಣ್ಣಬೇಕು ಎಂಬುದು ಸರ್ಕಾರಕ್ಕೆ ಗೊತ್ತಿಲ್ಲದ್ದೇನಲ್ಲ.

ಹಾಗೆಂದು ಕಾಯುವಿಕೆ ಮುಗಿದಿಲ್ಲ, ಜಾಗ ಬದಲಿಸಿದೆ. ಈಗ ಅದು ಬಂದರಿನ ಕಂಟೇನರ್ ಸಾಲಿನಲ್ಲಿದೆ, ಭಿವಂಡಿಯ ಗೋದಾಮುಗಳ ಗೇಟಿನಲ್ಲಿದೆ, ಕಳಂಬೋಲಿಯ ಉಕ್ಕು ಮಾರುಕಟ್ಟೆಯಲ್ಲಿದೆ, ಊರೊಳಗೆ ಭಾರಿ ವಾಹನ ಬಿಡದ ಗಂಟೆಗಳಲ್ಲಿ ಕಲ್ಯಾಣ–ಶೀಳ್ ರಸ್ತೆಯ ಬದಿಯಲ್ಲಿದೆ. ವ್ಯತ್ಯಾಸವೇನೆಂದರೆ ಗೇಟಿನ ಸಾಲು ಹತ್ತು ನಿಮಿಷಕ್ಕೊಮ್ಮೆ ಒಂದು ಗಾಡಿಯಷ್ಟು ಮುಂದೆ ಸರಿಯುತ್ತದೆ. ಸ್ಟಿಯರಿಂಗ್ ಬಿಟ್ಟು ಇಳಿದರೆ ಸರದಿ ತಪ್ಪುತ್ತದೆ. ಡೊಂಬಿವಲಿ, ತಳೋಜದ ರಾಸಾಯನಿಕ ಟ್ಯಾಂಕರಿನವನಂತೂ ಗಾಡಿಯ ಹತ್ತಿರ ಬೆಂಕಿ ಕಡ್ಡಿಯನ್ನೇ ಗೀರುವಂತಿಲ್ಲ. ಕೊನೆಗೆ ಕಿಟಕಿಯ ಹತ್ತಿರ ಬರುವ ವಡಾಪಾವ್, ಸಮೋಸ, ಸಿಹಿ ಚಹಾ. ರಾತ್ರಿ ಹನ್ನೊಂದಕ್ಕೆ ಡಾಬಾದಲ್ಲಿ ಎಣ್ಣೆ ತೇಲುವ ಪಲ್ಯ, ಉಂಡ ತಕ್ಷಣ ನಿದ್ದೆ. ನೀರು ಕುಡಿದರೆ ಮೂತ್ರಕ್ಕೆ ಇಳಿಯಬೇಕಲ್ಲ ಎಂದು ನೀರನ್ನೂ ಕಡಿಮೆ ಮಾಡುವವರಿದ್ದಾರೆ.

ಹೊರೆ ಇಳಿಸುವವನಿಗೊಂದು, ತಂದವನಿಗೊಂದು

ಕಾನೂನು ಇರಲಿಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸವೆಂದಿತು. 5 ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ ಎಂದಿತು. 100 ಅಥವಾ ಹೆಚ್ಚು ಕಾರ್ಮಿಕರು ದಿನವೂ ಬಂದುಹೋಗುವ ಕಡೆ ಕ್ಯಾಂಟೀನು ಇರಬೇಕೆಂದಿತು. ಆದರೆ ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗೆ ಮಾತ್ರ ಅದು ಅನ್ವಯವಾಗುತ್ತಿತ್ತು. ಒಂದೆರಡು ಗಾಡಿ ಇಟ್ಟುಕೊಂಡ ಮಾಲೀಕರೇ ತುಂಬಿರುವ ಈ ಉದ್ಯಮದಲ್ಲಿ ಬಹುಪಾಲು ಡ್ರೈವರುಗಳು ಆ ಸಾಲಿನಲ್ಲೇ ಹೊರಗುಳಿದರು.

ನವಿ ಮುಂಬೈನಲ್ಲಿ ಇದಕ್ಕೊಂದು ಪಕ್ಕದ ಉದಾಹರಣೆ ಇದೆ. ತುರ್ಭೆಯ ಮಾರುಕಟ್ಟೆಯಲ್ಲಿ ಲಾರಿಯಿಂದ ಮೂಟೆ ಇಳಿಸುವ ಮಾಥಾಡಿಗಳಿಗೂ ಒಬ್ಬನೇ ಮಾಲೀಕನಿಲ್ಲ. ಆದರೂ ಅಣ್ಣಾಸಾಹೇಬ್ ಪಾಟೀಲರು ಕಟ್ಟಿದ ಸಂಘಟನೆಯ ಬಲದಿಂದ 1969ರ ಮಾಥಾಡಿ ಕಾಯ್ದೆ ಬಂತು. ಮೂಟೆಯ ಲೆಕ್ಕದಲ್ಲಿ ಎಲ್ಲ ವ್ಯಾಪಾರಿಗಳಿಂದ ಮಂಡಳಿಗೆ ಹಣ, ಅದರಿಂದ ಭವಿಷ್ಯನಿಧಿ, ರಜೆ, ಚಿಕಿತ್ಸೆ. ಕೋಪರ್‌ಖೈರಣೆಯಲ್ಲಿ ಅವರ ಹೆಸರಿನ ಆಸ್ಪತ್ರೆಯೇ ಇದೆ. ಹೊರೆ ಅದೇ, ಲಾರಿ ಅದೇ. ಇಳಿಸುವವನು ಆ ಊರಿನವನಾದ್ದರಿಂದ ಸಂಘ ಕಟ್ಟಲಾಯಿತು. ತಂದವನು ಮರುದಿನ ಇನ್ನೊಂದು ರಾಜ್ಯದಲ್ಲಿರುತ್ತಾನೆ. ಗಿರಣಿ ಕಾರ್ಮಿಕರಿಗೆ ಮುಂಬೈನ ಖಾನಾವಳಿ ಹೆಂಗಸರು ಉಣ್ಣಿಸಿದ್ದೂ, ಆ ಹೆಂಗಸರು ಪ್ರೇಮಾ ಪುರವ್ ಅವರ ಮುಂದಾಳ್ತನದಲ್ಲಿ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದ್ದೂ ಹೀಗೆಯೇ, ಉಣ್ಣುವವರೂ ಬಡಿಸುವವರೂ ಒಂದೇ ಓಣಿಯಲ್ಲಿದ್ದರು. 1995ರಲ್ಲಿ ಮಹಾರಾಷ್ಟ್ರ ಸರ್ಕಾರ ಒಂದು ರೂಪಾಯಿಗೆ ಝುಣಕ–ಭಾಕರಿ ಕೊಡಹೊರಟಾಗಲೂ ಲೆಕ್ಕ ಊರಿನದ್ದೇ ಆಗಿತ್ತು, ರಸ್ತೆಯದ್ದಲ್ಲ.

ಹೊತ್ತು ತಪ್ಪಿದ ಊಟ ಬರೀ ಅಸಿಡಿಟಿಯ ಮಾತಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಮಧುಮೇಹಿಗಳು 10 ಕೋಟಿ ದಾಟಿದ್ದಾರೆ. ಇನ್ಸುಲಿನ್ ಅಥವಾ ಕೆಲವು ಬಗೆಯ ಸಕ್ಕರೆ ಮಾತ್ರೆ ತೆಗೆದುಕೊಂಡವನು ಉಣ್ಣದೆ ಉಳಿದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಕೈ ನಡುಗುತ್ತದೆ, ಕಣ್ಣು ಮಂಜಾಗುತ್ತದೆ, ಬುದ್ಧಿ ಮಸುಕಾಗುತ್ತದೆ. 30 ಟನ್ ಹೊತ್ತ ಗಾಡಿಯ ಸ್ಟಿಯರಿಂಗ್ ಹಿಡಿದವನಿಗೆ ಹಾಗಾದರೆ ಅಪಾಯ ಅವನೊಬ್ಬನದ್ದಲ್ಲ. ಕೈಗೆಟುಕುವಲ್ಲಿ ಸಕ್ಕರೆಯ ಪೊಟ್ಟಣ ಇರಬೇಕು, ಮಾತ್ರೆಯ ವೇಳೆಯನ್ನು ವೈದ್ಯರ ಹತ್ತಿರ ತನ್ನ ಕೆಲಸದ ರೀತಿ ವಿವರಿಸಿ ಹೊಂದಿಸಿಕೊಳ್ಳಬೇಕು.

ಬುತ್ತಿಯ ಬುದ್ಧಿ

ಇಷ್ಟರ ನಡುವೆಯೂ ಉತ್ತರ ಕರ್ನಾಟಕದ ಗಾಡಿಗಳಲ್ಲಿ ಒಂದು ಹಳೆಯ ವ್ಯವಸ್ಥೆ ಉಳಿದಿದೆ. ಅದು ಕಡಕ್ ಜೋಳದ ರೊಟ್ಟಿ. ತೇವ ಪೂರ್ತಿ ಆರಿಸಿದ್ದರಿಂದ ಬೂಸ್ಟು ಹಿಡಿಯದು, ವಾರಗಟ್ಟಲೆ ಇರುತ್ತದೆ, ಎಣ್ಣೆಯಿಲ್ಲ, ನಾರಿದೆ. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಉಳ್ಳಾಗಡ್ಡಿ, ಮೂಲಂಗಿ, ಸೌತೆಕಾಯಿ, ಗಜ್ಜರಿಯನ್ನು ಹಸಿಯಾಗಿಯೇ ಕಡಿದುಕೊಳ್ಳುವ ರೂಢಿ ಇರುವುದರಿಂದ ತರಕಾರಿಗೆ ಒಲೆಯೂ ಬೇಕಿಲ್ಲ. ಬೆಳಿಗ್ಗೆ ನೆನೆಹಾಕಿದ ಹೆಸರುಕಾಳನ್ನು ಸಂಜೆ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಕ್ಯಾಬಿನ್ನಿನ ಬಿಸಿಗೆ ಮರುದಿನ ಮೊಳಕೆ. ನಿಲ್ಲಲು ಅರ್ಧ ಗಂಟೆ ಸಿಕ್ಕರೆ ಚಿಕ್ಕ ಕುಕ್ಕರಿನಲ್ಲಿ ಹೆಸರುಬೇಳೆ, ಅಕ್ಕಿ, ಒಂದು ಹಿಡಿ ಸೊಪ್ಪು. ಆದರೆ ಒಲೆ ನೆಲದ ಮೇಲೆ, ಬಯಲಿನಲ್ಲಿ. ಮುಚ್ಚಿದ ಕ್ಯಾಬಿನ್ನಿನಲ್ಲಿ ಹಚ್ಚಿದರೆ ವಿಷಗಾಳಿ ಕೂಡುತ್ತದೆ. ಉಪ್ಪು ಮಾತ್ರ ಲೆಕ್ಕವಿಡಬೇಕಾದ್ದು: ಚಟ್ನಿ, ಉಪ್ಪಿನಕಾಯಿ ಎಲ್ಲ ಸೇರಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು.

ಈ ಬುತ್ತಿಯ ಹಿಂದೆ ಊರಿನಲ್ಲಿ ರೊಟ್ಟಿ ಬಡಿಯುವ ಒಂದು ಜೊತೆ ಕೈಗಳಿವೆ ಎಂಬುದನ್ನು ಮರೆಯಬಾರದು. ಆ ಕೈಗಳಿಗೂ ಈಗ ಕೂಲಿ ಸಿಗುವ ದಾರಿಯಿದೆ. ವಿಜಯಪುರ, ಕಲಬುರಗಿ, ಸೊಲ್ಲಾಪುರಗಳಲ್ಲಿ ಕಡಕ್ ರೊಟ್ಟಿ ಮಾಡಿ ಮಾರುವ ಹೆಂಗಸರಿದ್ದಾರೆ. ಅದೇ ರೊಟ್ಟಿ ಕಳಂಬೋಲಿಯಲ್ಲೋ ಭಿವಂಡಿಯಲ್ಲೋ ಸಿಕ್ಕರೆ ಹಿಂದಿರುಗುವ ಪಯಣದ ಬುತ್ತಿಯೂ ಆಯಿತು.

2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ. ಡ್ರೈವರಿನ ಮೈಯನ್ನು ಕಾನೂನು ಗಮನಿಸಿದ್ದು ಸಣ್ಣ ವಿಷಯವಲ್ಲ. ಇನ್ನು ಬೇಕಾದ್ದು ಅದಕ್ಕಿಂತ ಅಗ್ಗದ್ದು. ಗೇಟಿನಲ್ಲಿ ಸಾಲಿನ ಬದಲು ಟೋಕನ್, ಟೋಕನ್ನಿನ ಮೇಲೆ ಸರದಿಯ ಅಂದಾಜು ಗಂಟೆ, ನಿಲ್ಲಲು ಜಾಗ, ಒಂದು ನಲ್ಲಿ, ಒಂದು ಶೌಚಾಲಯ, ಗಾಡಿಗಳಿಂದ ದೂರದಲ್ಲಿ ತಗಡಿನ ನೆರಳಿನಡಿ ಒಲೆ ಇಡಲು ಕಟ್ಟೆ. ಮೂರು ಗಂಟೆ ಕಾಯಬೇಕೆಂದು ಗೊತ್ತಾದವನು ಬೇಳೆ ಬೇಯಿಸಿಕೊಳ್ಳುತ್ತಾನೆ. ಎಷ್ಟು ಹೊತ್ತೆಂದು ಗೊತ್ತಿಲ್ಲದವನು ಸ್ಟಿಯರಿಂಗ್ ಹಿಡಿದು ಕೂತಲ್ಲೇ ಮತ್ತೊಂದು ವಡಾಪಾವ್ ಕೊಳ್ಳುತ್ತಾನೆ.