ಮದ್ದೂರು ವಡೆಯೂ ಹಸಿದವರು ಹಾಕಿದ ಹಳಿಯೂ

ಭಾನುವಾರ ಮೈಸೂರು ಕಡೆ ರೈಲು ಹತ್ತೋದಕ್ಕೆ ನಮ್ಮ ಮನೆಯಲ್ಲಿ ದೊಡ್ಡ ಕಾರಣವೇನೂ ಬೇಕಿಲ್ಲ. ಈ ಸಲ ನಾನು, ನನ್ನವಳು, ಜೊತೆಗೆ ನನ್ನ ಕಾಲೇಜು ಗೆಳೆಯ ಮತ್ತು ಅವನ ಹೆಂಡತಿ. ಶ್ರೀರಂಗಪಟ್ಟಣ ನೋಡಿ, ಹೊಳೆ ದಂಡೆಯಲ್ಲಿ ಕೂತು ಬುತ್ತಿ ಬಿಚ್ಚಿ, ಸಂಜೆಗೆ ವಾಪಸ್. ಅಷ್ಟೇ ಪ್ಲಾನು. ಚೀಲದಲ್ಲಿ ಚಪಾತಿ, ಟೊಮೆಟೊ ಗೊಜ್ಜು, ಮೊಸರನ್ನ. ಇಷ್ಟಿದ್ದರೂ ಮದ್ದೂರು ಬರುವ ಮೊದಲೇ "ರೀ, ವಡೆಗೆ ಚಿಲ್ಲರೆ ತೆಗೆದಿಟ್ಕೊಳ್ಳಿ" ಅಂತ ನನ್ನವಳ ಆಜ್ಞೆ ಆಯಿತು.

ಮದ್ದೂರು ವಡೆಯ ಕಥೆ ನಿಮಗೆಲ್ಲ ಗೊತ್ತಿರುತ್ತೆ. 1917ರಲ್ಲಿ ಮದ್ದೂರು ಸ್ಟೇಷನ್ನಿನಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಎನ್ನುವವರು, ರೈಲು ಬೇಗ ಬಂದುಬಿಟ್ಟಿದ್ದರಿಂದ ಪಕೋಡದ ಹಿಟ್ಟನ್ನೇ ತಟ್ಟಿ ಕರಿದರಂತೆ, ಅದೇ ವಡೆಯಾಯಿತಂತೆ. ನಿಜವೋ ಕಟ್ಟುಕಥೆಯೋ, ರೈಲಿಲ್ಲದೆ ಈ ವಡೆ ಇಲ್ಲ ಅನ್ನೋದಂತೂ ಖರೆ. ಎರಡನೇ ವಡೆ ಮುರಿಯುತ್ತಾ ನಮ್ಮ ಗೆಳೆಯ, "ಈ ಹಳಿ ಹಾಕ್ದೋನು ಪುಣ್ಯಾತ್ಮ ಕಣೋ" ಅಂದ.

ಹಾಕಿದವರು ಯಾರು ಅಂತ ನಾನು ಹಿಂದೊಮ್ಮೆ ಓದಿದ್ದೆ. ಕೈಯಲ್ಲಿ ವಡೆ ಹಿಡಿದುಕೊಂಡು ಹೇಳುವಂಥ ಕಥೆಯಲ್ಲ ಅದು. ಆದರೂ ಹೇಳಿದೆ.

1876ರಲ್ಲಿ ಮೈಸೂರು ಸೀಮೆಗೆ ಮಳೆ ಕೈಕೊಟ್ಟಿತು. ಹಿರಿಯರು ಸಂವತ್ಸರದ ಹೆಸರು ಹಿಡಿದು 'ಧಾತು ಈಶ್ವರದ ಬರ' ಅಂತ ಕರೆದದ್ದು ಇದನ್ನೇ. ಆಗ ಮೈಸೂರನ್ನು ಆಳುತ್ತಿದ್ದದ್ದು ಬ್ರಿಟಿಷ್ ಕಮಿಷನರುಗಳು, 1831ರಿಂದ. ರಾಜ್ಯಕ್ಕೆ ಇದ್ದ ರೈಲು ಅಂದರೆ ಜೋಲಾರಪೇಟೆಯಿಂದ ಬೆಂಗಳೂರಿಗೆ 1864ರಲ್ಲಿ ಬಂದ ಹಳಿ. ಹೊರಗಿನ ಧಾನ್ಯ ಬೆಂಗಳೂರಿನವರೆಗೇನೋ ಬರುತ್ತಿತ್ತು. ಅಲ್ಲಿಂದ ಮುಂದೆ? ಎತ್ತಿನ ಗಾಡಿಯೇ ಗತಿ. ಮೇವು ನೀರಿಲ್ಲದೆ ಎತ್ತುಗಳೇ ಸಾಯುತ್ತಿರುವಾಗ ಗಾಡಿ ಎಳೆಯೋರು ಯಾರು? ಹಣ ಇದ್ದರೂ ಕಾಳು ಸಿಗದ ಹಳ್ಳಿಗಳು ಹಾಗೆ ಹುಟ್ಟಿಕೊಂಡವು.

ಆಗ ಬಂದದ್ದು ಬೆಂಗಳೂರು–ಮೈಸೂರು ರೈಲಿನ ಕೆಲಸ. ಬರಪರಿಹಾರಕ್ಕೆ ಬಂದ ಜನರ ಕೈಗೆ ಗುದ್ದಲಿ, ಮಂಕರಿ ಕೊಟ್ಟು ಹಳಿಗೆ ಮಣ್ಣಿನ ಏರಿ ಹಾಕಿಸಿದರು. ಸರ್ಕಾರದ ಲೆಕ್ಕದಲ್ಲಿ ಇದು ಒಂದೇ ಕಲ್ಲಿಗೆ ಎರಡು ಹಣ್ಣು: ಜನರಿಗೆ ಕೂಲಿ, ಮುಂದಿನ ಬರಕ್ಕೆ ಧಾನ್ಯ ಸಾಗಿಸುವ ದಾರಿ. ಆದರೆ ಪುಕ್ಕಟೆ ಗಂಜಿ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಅನ್ನುವ ಭಯವೂ ಆ ಕಾಲದ ಅಧಿಕಾರಿಗಳಿಗೆ ವಿಪರೀತ ಇತ್ತು. ಪಕ್ಕದ ಮದ್ರಾಸ್ ಪ್ರಾಂತ್ಯದಲ್ಲಿ 1877ರ ಮೊದಲ ತಿಂಗಳುಗಳಲ್ಲಿ ರಿಚರ್ಡ್ ಟೆಂಪಲ್ ಅನ್ನುವ ಅಧಿಕಾರಿ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಒಂದಿಷ್ಟು ಚಿಲ್ಲರೆಗೆ ಇಳಿಸಿದ್ದ. ಅಂದರೆ ಅರ್ಧ ಕೇಜಿಗೂ ಕಮ್ಮಿ ಕಾಳು ತಿಂದು ಇಡೀ ದಿನ ಮಣ್ಣು ಹೊರಬೇಕು! ಅಲ್ಲಿನ ವೈದ್ಯಾಧಿಕಾರಿ ಕಾರ್ನಿಶ್ ಇದು ಸಾಲದು ಅಂತ ಜಗಳಕ್ಕೇ ನಿಂತರು. ಆಮೇಲೆ ಕೂಲಿ ಹೆಚ್ಚಿತು.

ಮೈಸೂರಿನ ಲೆಕ್ಕ ಜನಗಣತಿಯಲ್ಲೇ ಇದೆ. 1871ರಲ್ಲಿ ರಾಜ್ಯದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಎಣಿಸಿದಾಗ ಸುಮಾರು 42 ಲಕ್ಷ. ಬರ ತಿಂದದ್ದು ಹತ್ತಿರ ಹತ್ತಿರ 10 ಲಕ್ಷ ಜನರನ್ನು ಅಂತ ಅಂದಾಜು. ಐದರಲ್ಲಿ ಒಬ್ಬರು. ನಮ್ಮ ಸೀಟಿನಲ್ಲೇ ನಾಲ್ಕು ಜನ ಕೂತಿದ್ದೆವು, ಎದುರಿಗೊಬ್ಬ ಅಜ್ಜ. ನನ್ನವಳು ಸುಮ್ಮನೆ ಎಲ್ಲರನ್ನೂ ಒಮ್ಮೆ ನೋಡಿದಳು.

1881ರ ಮಾರ್ಚಿನಲ್ಲಿ ರಾಜ್ಯ ಚಾಮರಾಜ ಒಡೆಯರ ಕೈಗೆ ಮರಳಿದಾಗ ಜೊತೆಗೆ ಬಂದದ್ದು ಬರದ 80 ಲಕ್ಷ ರೂಪಾಯಿ ಸಾಲ. ದಿವಾನ್ ರಂಗಾಚಾರ್ಲು ಖರ್ಚು ಬಿಗಿಹಿಡಿದರೂ ರೈಲಿನ ಕೆಲಸ ನಿಲ್ಲಿಸಲಿಲ್ಲ. ಅದೇ ವರ್ಷ ಹಳಿಯ ಮೊದಲ ಭಾಗ ಶುರುವಾಗಿ 1882ರಲ್ಲಿ ಮೈಸೂರು ಮುಟ್ಟಿತು. ಬರದಲ್ಲಿ ಮಣ್ಣು ಹೊತ್ತವರಲ್ಲಿ ಎಷ್ಟು ಜನ ಆ ರೈಲು ನೋಡಿದರೋ.

ಮಂಡ್ಯ ದಾಟುವಾಗ ಕಿಟಕಿಯಾಚೆ ಭತ್ತ, ಕಬ್ಬು. ಈ ಹಸಿರೂ ಆಗ ಇರಲಿಲ್ಲ. ಕನ್ನಂಬಾಡಿ ಕಟ್ಟೆಯ ನಾಲೆ ಇಲ್ಲಿಗೆ ಬಂದದ್ದು 1930ರ ದಶಕದಲ್ಲಿ. ಹಳಿ ಹಾಕಿದವರ ಕಣ್ಣೆದುರು ಇದ್ದದ್ದು ಮಳೆ ನಂಬಿದ ಒಣ ಹೊಲ.

ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಶಸ್ತ್ರಾಗಾರ ನೋಡಿದೆವು. ಜೋಡಿ ಹಳಿಗೆ ಅಡ್ಡ ಬರುತ್ತೆ ಅಂತ 2017ರಲ್ಲಿ ಆ ಕಟ್ಟಡವನ್ನು ಒಡೆಯದೆ, ಇಡಿಯಾಗಿ ನೂರು ಮೀಟರಿಗೂ ಹೆಚ್ಚು ಸರಿಸಿದರು. ಒಳ್ಳೇ ಕೆಲಸ. ರಾಜರ ಇಟ್ಟಿಗೆಗೆ ಅಷ್ಟು ಜತನ. ಅದೇ ಹಳಿಯ ಕೆಳಗಿನ ಏರಿ ಕಟ್ಟಿದವರ ನೆನಪಿಗೆ ನಾವು ಇಳಿದು ಹತ್ತಿದ ಯಾವ ಸ್ಟೇಷನ್ನಿನಲ್ಲೂ ಒಂದು ಫಲಕ ನನ್ನ ಕಣ್ಣಿಗೆ ಬೀಳಲಿಲ್ಲ.

ಹೊಳೆ ದಂಡೆಯ ಊಟ ಚೆನ್ನಾಗಿಯೇ ಆಯಿತು, ನಗು ಹರಟೆಗೂ ಕಮ್ಮಿಯಾಗಲಿಲ್ಲ. ಬರದ ಕಥೆ ಕೇಳಿ ಯಾರೂ ವಡೆ ಬಿಡಬೇಕಿಲ್ಲ. ಮುಂದಿನ ಬರದಲ್ಲಿ ಜನ ಉಪವಾಸ ಬೀಳಬಾರದು ಅಂತಲೇ ತಾನೆ ಆ ದಾರಿ ಹಾಕಿದ್ದು?

ಒಂದು ಮಾತು. ಹಳೇ ಮೈಸೂರು ಕಡೆಯವರ ಮನೆಗಳಲ್ಲಿ ಧಾತು ಈಶ್ವರದ ಬರದ ಬಗ್ಗೆ ಅಜ್ಜಿಯೋ ಮುತ್ತಜ್ಜಿಯೋ ಹೇಳಿದ ಒಂದೆರಡು ಮಾತು ಇನ್ನೂ ಉಳಿದಿರಬಹುದು. ಏನು ತಿಂದು ಬದುಕಿದರು, ಊರು ಬಿಟ್ಟು ಎಲ್ಲಿಗೆ ಹೋದರು, ಯಾರು ವಾಪಸ್ ಬಂದರು. ಕೇಳಿ, ಬರೆದಿಡಿ. ಸರ್ಕಾರಿ ವರದಿಗಳಲ್ಲಿ ಅಂಕಿ ಇದೆ, ಹೆಸರುಗಳಿಲ್ಲ.